ಹೊಳೆಗೆ ಬಿಟ್ಟ ಮಣೆ

ಒಂದು ಹೊಳೆ ಇತ್ತು, ಅದಕ್ಕೆ ಎರಡು ದಡ ಇದ್ದವು. ಒಂದೇ ದಡದ ಹೊಳೆಯನ್ನು ಯಾರೂ ಕಂಡಿಲ್ಲವಾದ್ದರಿಂದ ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅನ್ನಬಹುದು ನೀವು. ಇದೆ, ಸ್ವಲ್ಪ ತಾಳಿ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಒಂದು ಊರು. ಎರಡರಲ್ಲೂ ಅದೇ ಜೋಳ, ಅದೇ ಮೀನು, ಅದೇ ಬೈಗುಳ. ನಡುವೆ ಬೇಸಿಗೆಯಲ್ಲಿ ಮಾತ್ರ ನೀರಿನಿಂದ ಏಳುವ ಒಂದು ಮರಳಿನ ದಿಬ್ಬ. ನಾಲ್ಕು ಎಮ್ಮೆ ಮಲಗಿದರೆ ಐದನೆಯದಕ್ಕೆ ಜಾಗವಿಲ್ಲ. ಆ ದಿಬ್ಬ ಯಾರದು ಎಂಬುದಕ್ಕೆ ಯುದ್ಧ. ನೀರು ಇಳಿದಾಗ ಯುದ್ಧ, ನೀರು ಏರಿದಾಗ ವಿರಾಮ. ದಿಬ್ಬವೇ ಮುಳುಗಿದ ಮೇಲೆ ಯಾವುದರ ಮೇಲೆ ನಿಂತು ಹೊಡೆದಾಡುವುದು, ಹೇಳಿ?

ಈ ಯುದ್ಧಕ್ಕೆ ಒಂದು ಕಟ್ಟಳೆ ಇತ್ತು. ಹೋಗುವ ಗಂಡಸು ಕತ್ತಿ ಮರೆತರೂ ಮಣೆ ಮರೆಯುವಂತಿರಲಿಲ್ಲ. ಊಟಕ್ಕೆ ಕೂರುವ ಮಣೆ. ಅದರ ಕೆಳಮೈಯಲ್ಲಿ ಮನೆಯ ಗುರುತು ಕೆತ್ತಿರುತ್ತಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕು. ಸೆರೆ ಸಿಕ್ಕವನನ್ನು ಎರಡೂ ಊರವರು ಕೊಲ್ಲುತ್ತಿರಲಿಲ್ಲ, ಜೋಡಿ ಹಾಕುತ್ತಿದ್ದರು. ನಿನ್ನ ಗಂಡ ಆಚೆ ಯಾರ ಮನೆಯಲ್ಲಿ ಮಣೆ ಹಾಕಿ ಕೂತನೋ, ಆ ಮನೆಯ ಗಂಡಸು ಈಚೆ ನಿನ್ನ ಮನೆಯಲ್ಲಿ ಮಣೆ ಹಾಕಿ ಕೂರಬೇಕು. ಅವನಿಗೆ ನೀನು ಬಡಿಸಬೇಕು. ಬಡಿಸಿ, ‘ಅವನಿಗೆ ಸಲ್ಲಲಿ’ ಅನ್ನಬೇಕು. ಅಂದರೆ ಕೂತವನಿಗೆ ಬಾಯಿರುಚಿ ಮಾತ್ರ; ಅನ್ನದ ಬಲ ಹೊಳೆ ದಾಟಿ ನಿನ್ನ ಗಂಡನಿಗೆ ಸಲ್ಲುತ್ತದೆ. ಕೂತವನ ಬಲ? ಅದು ಅವನ ಹೆಂಡತಿ ಆಚೆ ನಿನ್ನ ಗಂಡನಿಗೆ ಬಡಿಸಿ ‘ಸಲ್ಲಲಿ’ ಅಂದದ್ದರಿಂದ ಬರಬೇಕು. ಅನ್ನದೆ ಬಡಿಸಿದರೆ ತಿಂದವನ ಹೊಟ್ಟೆಯಲ್ಲೇ ಉಳಿಯಿತು, ಆಚೆಯವನಿಗೆ ಉಪವಾಸ. ಇದು ನಿಜವೋ ಸುಳ್ಳೋ ಎಂದು ಯಾರೂ ಪರೀಕ್ಷೆ ಮಾಡಿರಲಿಲ್ಲ. ಗಂಡನ ಪ್ರಾಣ ಹಿಡಿದು ಪರೀಕ್ಷೆ ಮಾಡುವ ಹೆಂಡತಿ ಯಾವ ದಡದಲ್ಲಿದ್ದಾಳು?

ಇನ್ನೊಂದು ಮಾತು ಉಳಿಯಿತು. ಕೂತವನೊಬ್ಬ ಸತ್ತರೆ ಅವನ ಮಣೆಯನ್ನು ಹೊಳೆಗೆ ಬಿಡಬೇಕು. ಹೊಳೆ ಅಲ್ಲಿ ಹಾವಿನ ಹಾಗೆ ಹೊರಳಿತ್ತು. ಈಚೆ ಬಿಟ್ಟದ್ದು ಆಚೆಗೆ, ಆಚೆ ಬಿಟ್ಟದ್ದು ಈಚೆಗೆ ಬಂದು ಹತ್ತುತ್ತಿತ್ತು. ಮಣೆ ಬಂದ ಮನೆಯವಳು ಅಳಬೇಕು, ಕುಂಕುಮ ಒರೆಸಬೇಕು. ಅವಳ ಮನೆಯಲ್ಲಿ ಕೂತಿದ್ದವನನ್ನು ಹರಿಗೋಲಿನಲ್ಲಿ ನಡುನೀರಿಗೆ ಒಯ್ಯುತ್ತಿದ್ದರು. ಹರಿಗೋಲು ವಾಪಸು ಬರುವಾಗ ಹಗುರಾಗಿ ಬರುತ್ತಿತ್ತು.

ಈಚೆ ಊರಿನಲ್ಲಿ ಹರಿಗೋಲು ಹೆಣೆಯುವವನೊಬ್ಬನಿದ್ದ. ಅವನು ಬಿದಿರು ಹೆಣೆದು ಬುಟ್ಟಿ ಕಟ್ಟಿಕೊಟ್ಟರೆ, ಅವನ ಹೆಂಡತಿ ಅದಕ್ಕೆ ತೊಗಲು ಹೊದಿಸಿ ಡಾಂಬರು ಬಳಿಯುತ್ತಿದ್ದಳು. ಮದುವೆಯಾಗಿ ಹನ್ನೊಂದು ತಿಂಗಳು. ಮಾತಾಡದೆ ಕೆಲಸ ಮಾಡುವ ಜೋಡಿಯಲ್ಲ ಅದು. ಬೆಳಗಿನಿಂದ ಬೈಗಿನವರೆಗೆ ಜಗಳ, ನಗು, ಮತ್ತೆ ಜಗಳ.

“ನೀ ಬಳಿಯೋದು ನೋಡಿದರ ಹರಿಗೋಲಿಗೆ ಕಾಡಿಗಿ ಹಚ್ಚಿದಂಗ ಐತಿ,” ಅನ್ನುತ್ತಿದ್ದ ಅವನು.

“ನೀ ಹೆಣೆದದ್ದರಾಗ ಮೀನು ಒಳಗಿಂದ ಹೊರಗ ಹೋಗ್ತಾವ. ನಾ ಬಳೀದಿದ್ದರ ಊರಾಗ ಒಬ್ಬರೂ ಉಳೀತಿರಲಿಲ್ಲ,” ಅನ್ನುತ್ತಿದ್ದಳು ಅವಳು.

ಹನ್ನೆರಡನೆಯ ತಿಂಗಳು ನೀರು ಇಳಿಯಿತು, ದಿಬ್ಬ ಎದ್ದಿತು. ಹೆಣೆಯುವವನು ಮಣೆ ಕಟ್ಟಿಕೊಂಡು ಹೋದ. ಮೂರನೆಯ ದಿನ ಸೆರೆಯಾದ. ಐದನೆಯ ದಿನ ಬೆಳಗ್ಗೆ ಅವಳ ಬಾಗಿಲಿಗೆ ಒಬ್ಬ ಬಂದು ನಿಂತ, ಬೆನ್ನಿನ ಮೇಲೆ ಬೇರೆ ಊರಿನ ಮಣೆ. ಉದ್ದನೆಯ ಆಳು. ಆಚೆ ಊರಿನಲ್ಲಿ ಬಾವಿ ತೋಡುತ್ತಿದ್ದನಂತೆ. ಉಗುರಿನ ಸಂದಿಯಲ್ಲಿ ಇನ್ನೂ ಆಚೆಯ ಮಣ್ಣು. ಅವನಿಗೆ ಈ ಊರಿನಲ್ಲಿ ಹೆಸರಿಲ್ಲ. ಎಲ್ಲರೂ ಕೂತವನು ಅಂದರು, ನಾವೂ ಹಾಗೇ ಅನ್ನೋಣ.

ಮೊದಲ ಊಟಕ್ಕೆ ಅವಳು ಸಿಟ್ಟಿನಿಂದ ಮುಷ್ಟಿ ತುಂಬ ಕೆಂಪುಖಾರ ಸುರಿದಳು. ಕೂತವನು ತಿಂದ. ಕಣ್ಣಲ್ಲಿ ನೀರು ಇಳಿಯಿತು, ಮೂಗಲ್ಲಿ ನೀರು ಇಳಿಯಿತು, ಎಲೆಯಲ್ಲಿ ಒಂದು ಅಗುಳು ಉಳಿಸಲಿಲ್ಲ. ಆಮೇಲೆ ನೀರು ಕುಡಿದು ಮೆಲ್ಲಗೆ ಅಂದ:

“ನನ್ನ ಹೆಂಡತಿ ನಿನ್ನ ಗಂಡಗ ಇಷ್ಟು ಖಾರ ಹಾಕಲಿಕ್ಕಿಲ್ಲ ಬಿಡು. ಆಕಿಗೆ ಖಾರ ಆಗಂಗಿಲ್ಲ.”

ಅವಳು ಒಲೆಯ ಮುಂದೆ ಕುಸಿದು ಕೂತಳು. ಆ ಖಾರಕ್ಕೂ ಅವಳು ‘ಸಲ್ಲಲಿ’ ಅಂದುಬಿಟ್ಟಿದ್ದಳು. ಮಾರನೆಯ ದಿನದಿಂದ ಬಡಿಸುವ ಕೈ ಬದಲಾಯಿತು. ನವಣೆ ಅನ್ನ ಬಡಿಸಿದಳು, ಅವನಿಗೆ ಸಲ್ಲಲಿ. ಹುಣಸೆಸಾರು ಬಡಿಸಿದಳು, ಅವನಿಗೆ ಸಲ್ಲಲಿ. ಮೀನಿನ ನಡುತುಂಡು ಬಡಿಸಿದಳು, ಅವನಿಗೆ ಸಲ್ಲಲಿ. ಗಂಡನ ಮೇಲಿನ ಪ್ರೀತಿ ದಿನಕ್ಕೆರಡು ಸಲ ಈ ಶತ್ರುವಿನ ಎಲೆಗೆ ಬೀಳುತ್ತಿತ್ತು. ಬೀಳುವ ಜಾಗವನ್ನು ನೋಡದೆ ಬಡಿಸಲಿಕ್ಕಾಗುತ್ತದೆಯೇ? ನೋಡಿದಳು. ಅವನು ತುತ್ತು ಕಟ್ಟುವ ರೀತಿ ನೋಡಿದಳು, ಮೀನಿನ ಮುಳ್ಳನ್ನು ಎಲೆಯ ಅಂಚಿನಲ್ಲಿ ಸಾಲಾಗಿ ಇಡುವುದನ್ನು ನೋಡಿದಳು. ಹಗಲು ಸುಮ್ಮನೆ ಕೂರಲಾರದೆ ಅವನು ಹಿತ್ತಲಲ್ಲಿ ಬಾವಿ ತೋಡಲು ಹತ್ತಿದ.

“ಹೊಳೆ ಮಗ್ಗುಲಾಗ ಬಾವಿ ತೋಡ್ತೀಯಲ್ಲ, ನಿನಗ ಬುದ್ಧಿ ಐತೇನು?” ಎಂದು ಕೇಳಿದಳು.

“ಹೊಳೀ ನೀರಿಗೆ ಎರಡು ಊರು ಜಗಳ ಆಡ್ತಾವ. ಬಾವಿ ನೀರು ಒಬ್ಬರದ.”

ಅವಳು ನಕ್ಕಳು. ನಕ್ಕ ಮೇಲೆ ನೆನಪಾಯಿತು, ಆ ನಗುವಿಗೆ ‘ಸಲ್ಲಲಿ’ ಅಂದಿರಲಿಲ್ಲ ಎಂದು.

ಎದುರುಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು. ಎಲ್ಲ ಊರಿನ ಎದುರುಮನೆಯಲ್ಲೂ ಇರುತ್ತಾಳಲ್ಲ, ಅವಳೇ. ಕಣ್ಣು ಮಂದ, ಆದರೆ ಕಾಣಬಾರದ್ದು ಮಾತ್ರ ಸ್ಪಷ್ಟ ಕಾಣುತ್ತಿತ್ತು.

“ಏನವ್ವ, ನಿನ್ನ ವೈರಿ ಮೊನ್ನೆ ಕಡ್ಡಿ ಆಗಿದ್ದ, ಇವತ್ತು ಕಂಬ ಆಗ್ಯಾನ. ಏನ್ ಹಾಕ್ತಿ ಅವಗ?”

“ಊರೆಲ್ಲ ಹಾಕೋದ ಹಾಕ್ತೀನಿ, ಅತ್ತಿ.”

“ಊರಾಗಿನ ಹೆಂಗಸರು ಸೌಟಿಲೆ ಹಾಕ್ತಾರ. ನೀ ಕಣ್ಣಿಲೆ ಹಾಕ್ತಿ.”

“ಅವನ ಮೈ ತುಂಬಿದರ ಆಚಿಗಿ ಅವನ ಹೆಂಡತಿ ನನ್ನ ಗಂಡನ್ನ ಚಲೋ ನೋಡ್ಯಾಳಂತ ಅರ್ಥ ಅಲ್ಲೇನು?”

“ಅರ್ಥ ಅದ. ನಿನ್ನ ಮಾರಿ ಯಾಕ ತುಂಬೇತಿ, ಅದರ ಅರ್ಥ ಹೇಳು.”

ಹೀಗೆ ಎರಡು ಬೇಸಿಗೆ ಹೋದವು. ದಿಬ್ಬ ಎದ್ದಿತು, ಮುಳುಗಿತು, ಎದ್ದಿತು, ಮುಳುಗಿತು. ಮೂರನೆಯ ವರ್ಷದ ಮಳೆಗಾಲದಲ್ಲಿ ಕೂತವನು ಸೊರಗತೊಡಗಿದ. ಮೊದಲಿನಷ್ಟೇ ತಿನ್ನುತ್ತಿದ್ದ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಗುದ್ದಲಿ ಎತ್ತಿದರೆ ಕೈ ನಡುಗಿತು. ಮೊಣಕಾಲಿನ ಚಿಪ್ಪು ಚರ್ಮದಡಿಯಲ್ಲಿ ಬಟ್ಟಲಿನ ಹಾಗೆ ಕಾಣಿಸಿತು. ಕೊನೆಗೆ ಜ್ವರ ಹಿಡಿದು ಮಣೆಯ ಪಕ್ಕದಲ್ಲೇ ಮಲಗಿದ.

ಮುದುಕಿ ಬಂದು ನೋಡಿ ತುಟಿ ಒತ್ತಿದಳು. “ಆಚಿಗಿ ಆಕಿ ‘ಸಲ್ಲಲಿ’ ಅನ್ನೋದು ಬಿಟ್ಟಾಳ,” ಅಂದಳು. “ಬಡಸ್ತಾಳ, ನಿನ್ನ ಗಂಡಗ ಬಡಸ್ತಾಳ. ತನ್ನ ಗಂಡಗ ಕಳಸೋದಿಲ್ಲ.”

“ಯಾಕ ಕಳಸೋದಿಲ್ಲ?”

“ನನ್ನೇನ ಕೇಳ್ತಿ? ನಿನ್ನ ನೀ ಕೇಳ್ಕೊ.”

ಅವಳು ಕೇಳಿಕೊಳ್ಳಲಿಲ್ಲ. ಕೂತವನ ಹಣೆಗೆ ತಣ್ಣೀರು ಬಟ್ಟೆ ಹಾಕಿದಳು. ಗಂಜಿ ಕಾಯಿಸಿ ತಂದು ಅವನ ಬಾಯಿಯ ಹತ್ತಿರ ಹಿಡಿದಳು. ಹಿಡಿದು, ‘ಅವನಿಗೆ’ ಅಂದಳು. ‘ಸಲ್ಲಲಿ’ ಎಂಬುದು ನಾಲಿಗೆಯ ತುದಿಗೆ ಬಂತು. ಎದುರಿಗೆ ಒಬ್ಬ ಸಾಯುತ್ತಿದ್ದಾನೆ, ಕೈಯಲ್ಲಿ ಗಂಜಿ ಇದೆ, ಆ ಗಂಜಿಯನ್ನು ಅವನ ಬಾಯಿಗೆ ಹಾಕಿ ಇನ್ನೊಬ್ಬನ ಹೊಟ್ಟೆಗೆ ಕಳಿಸಬೇಕು. ಮಾತನ್ನು ನುಂಗಿದಳು. ಗಂಜಿ ಕೂತವನಲ್ಲೇ ಉಳಿಯಿತು.

ಅಂದಿನಿಂದ ಒಂದು ಹೊಸ ಪದ್ಧತಿ ಮಾಡಿಕೊಂಡಳು. ಬೆಳಗಿನ ಊಟ ಗಂಡನಿಗೆ: ‘ಸಲ್ಲಲಿ’ ಅನ್ನುವಳು. ಬೈಗಿನ ಊಟ ಕೂತವನಿಗೆ: ತುಟಿ ಆಡಿಸುವಳು, ಸ್ವರ ಬಿಡಳು. ಅರ್ಧ ಅವನಿಗೆ, ಅರ್ಧ ಇವನಿಗೆ. ನ್ಯಾಯವಾಗಿಯೇ ಇದೆ ಅಂದುಕೊಂಡಳು ಪಾಪ. ಆದರೆ ಮೀನು ಸಿಕ್ಕ ದಿನ ಅದನ್ನು ಬೈಗಿಗೆ ಎತ್ತಿಡುತ್ತಿದ್ದಳು. ಬೆಲ್ಲದ ಅಚ್ಚು ಒಡೆದರೆ ದೊಡ್ಡ ಚೂರು ಬೈಗಿಗೆ. ಕೂತವನು ಎದ್ದು ಕೂತ, ನಿಂತ, ಗುದ್ದಲಿ ಹಿಡಿದ. ಅವನ ಮೈ ತುಂಬಿದಷ್ಟೂ ಅವಳಿಗೆ ಹೊಳೆಯಾಚೆ ಗಂಡನ ಪಕ್ಕೆಲುಬು ಒಂದೊಂದಾಗಿ ಕಾಣುತ್ತಿತ್ತು. ಕಂಡರೂ ಬೈಗಿನ ಹೊತ್ತು ಬಂದಾಗ ಸ್ವರ ಏಳುತ್ತಿರಲಿಲ್ಲ. ಅವರಿಬ್ಬರ ನಡುವೆ ಒಂದು ಮುತ್ತುಗದ ಎಲೆ ಇತ್ತು. ಅದನ್ನು ಯಾವತ್ತೂ ದಾಟಲಿಲ್ಲ, ಅದು ಬೇರೆ ಮಾತು.

ಆ ವರ್ಷದ ಚಳಿಯಲ್ಲಿ ಒಂದು ಬೆಳಗ್ಗೆ ಬಟ್ಟೆ ಒಗೆಯಲು ಹೋದಾಗ ಕಲ್ಲಿಗೆ ಏನೋ ಬಂದು ತಟ್ಟಿತು. ತಟ್ಟಿ, ಹಿಂದೆ ಸರಿದು, ಮತ್ತೆ ತಟ್ಟಿತು. ಮಣೆ. ತಿರುವಿ ನೋಡಿದಳು. ಒಂದು ದುಂಡು, ದುಂಡಿನೊಳಗೆ ಹೆಣಿಗೆಯ ಗೆರೆ. ಹರಿಗೋಲಿನ ಗುರುತು, ತನ್ನ ಮನೆಯದು.

ನಾನು ಕೊಂದೆ, ಅಂದುಕೊಂಡಳು. ಅರ್ಧ ಊಟದಲ್ಲಿ ಇಟ್ಟು ಕೊಂದೆ.

ಅಳು ಗಂಟಲಿನ ತನಕ ಬಂತು. ಅತ್ತರೆ ಆಚೀಚೆ ಕಲ್ಲಿನ ಹೆಂಗಸರು ತಿರುಗಿ ನೋಡುತ್ತಾರೆ. ನೋಡಿದರೆ ಮಣೆ ಕಾಣುತ್ತದೆ. ಮಣೆ ಕಂಡರೆ ಮಧ್ಯಾಹ್ನದೊಳಗೆ ಹರಿಗೋಲು ನಡುನೀರಿಗೆ ಹೋಗುತ್ತದೆ, ಕೂತವನನ್ನು ಹತ್ತಿಸಿಕೊಂಡು. ಗಂಡ ಹೋದ, ಅವನು ತಿರುಗಿ ಬರುವವನಲ್ಲ. ಇವನು ಇದ್ದಾನೆ, ಹಿತ್ತಲಲ್ಲಿ ಗುದ್ದಲಿಯ ಸದ್ದು ಮಾಡುತ್ತಿದ್ದಾನೆ. ಸತ್ತವನಿಗೆ ಅಳುವುದೋ, ಇದ್ದವನನ್ನು ಉಳಿಸುವುದೋ? ಒಂದೇ ಗಂಟಲು, ಎರಡಕ್ಕೂ ಅದೇ ಬೇಕು.

ಒದ್ದೆ ಸೀರೆಯಲ್ಲಿ ಮಣೆ ಸುತ್ತಿ ಸೊಂಟಕ್ಕೆ ಏರಿಸಿಕೊಂಡು ಬಂದಳು. ಒಲೆಯ ಪಕ್ಕ ಇಟ್ಟು ಒಣಗಿಸಿದಳು. ಕೊಡಲಿಯಿಂದ ನಾಲ್ಕು ಸೀಳು ಮಾಡಿದಳು. ಒಂದೊಂದನ್ನೇ ಒಲೆಗೆ ಇಟ್ಟಳು. ಆ ಬೆಂಕಿಯ ಮೇಲೆ ಅನ್ನಕ್ಕೆ ಇಟ್ಟಳು, ಇಡದಿದ್ದರೆ ಹೊಗೆಗೆ ಏನು ಕಾರಣ ಹೇಳುವುದು?

“ಏನವ್ವ, ಇವತ್ತು ನಿನ್ನ ಹೊಗಿ ಬ್ಯಾರೆ ವಾಸನಿ ಹೊಡೀತೈತಿ,” ಎಂದು ಎದುರುಮನೆಯಿಂದ ಕೂಗಿದಳು ಮುದುಕಿ.

“ಹಸಿ ಕಟ್ಟಿಗಿ, ಅತ್ತಿ.”

“ಅದಕ್ಕ ಕಣ್ಣು ಹಂಗಾಗ್ಯಾವೇನು?”

“ಹೂಂ. ಹೊಗಿ.”

ಅದಷ್ಟೇ ಅವನಿಗೆ ಆದ ಸಂಸ್ಕಾರ. ಅನ್ನ ಬೆಂದಿತು. ಕೂತವನಿಗೆ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡ. ಕನ್ನಡಿಯ ಮುಂದೆ ನಿಂತು ಕುಂಕುಮವನ್ನು ಎಂದಿಗಿಂತ ದೊಡ್ಡದಾಗಿ ಇಟ್ಟುಕೊಂಡಳು. ಸತ್ತವನ ಹೆಸರಿನ ಕುಂಕುಮ ಇದ್ದವನ ತಲೆ ಕಾಯುತ್ತಿತ್ತು. ಅದನ್ನು ಇಟ್ಟುಕೊಳ್ಳುವಾಗಲೆಲ್ಲ ಬೆರಳು ಸುಟ್ಟ ಹಾಗಾಗುತ್ತಿತ್ತು. ಈಗ ಎರಡೂ ಊಟ ಕೂತವನಿಗೇ. ಎರಡು ಹೊತ್ತೂ ಬರಿಯ ತುಟಿ ಆಡುತ್ತಿತ್ತು.

ಇನ್ನೂ ಎರಡು ವರ್ಷ ಹೀಗೇ ನಡೆಯಿತು. ಸುಖವಾಗಿದ್ದಳೇ ಅಂತ ಕೇಳಬೇಡಿ. ಅವನು ನಕ್ಕಾಗ ಅವಳೂ ನಗುತ್ತಿದ್ದಳು, ಮರುಗಳಿಗೆ ಹೊಗೆಯ ವಾಸನೆ ಬರುತ್ತಿತ್ತು. ಅಷ್ಟು ಹೇಳಬಲ್ಲೆ.

ಐದನೆಯ ವರ್ಷ ನೀರು ಇಳಿಯಿತು, ದಿಬ್ಬ ಏಳಲಿಲ್ಲ. ಎರಡೂ ದಡದವರು ಕತ್ತಿ ಹಿಡಿದು ಹದಿನೈದು ದಿನ ಕಾದರು. ನೀರು ಇನ್ನೂ ಇಳಿಯಿತು, ತಳದ ಕಲ್ಲು ಕಂಡಿತು, ದಿಬ್ಬವಿಲ್ಲ. ಹಿಂದಿನ ಪ್ರವಾಹ ಅದನ್ನು ಹೊತ್ತುಕೊಂಡು ಹೋಗಿತ್ತು. ಗೆಲ್ಲಲು ಏನೂ ಇಲ್ಲದ್ದರಿಂದ ಯಾರೂ ಸೋಲಲಿಲ್ಲ. ಕಟ್ಟೆಯ ಹಿರಿಯ, ಊರಿನ ಮಾತೆಲ್ಲ ಅವನ ಬಾಯಿಂದಲೇ ಹೊರಡಬೇಕು, ಮೂರು ಸಲ ಕೆಮ್ಮಿ ಸಾರಿದ: “ಹುಣ್ಣಿವಿ ಬೆಳಗ್ಗೆ ಬದಲಿ. ಅವರವರು ಅವರಿಗೆ, ನಮ್ಮವರು ನಮಗೆ. ಯಾರ್ಯಾರ ಮನಿಯಾಗ ಕೂತವರು ಕ್ಷೇಮ ಅದಾರ, ಅಂಥವರ ಜೋಡಿನ್ನ ಕಳಸ್ರಿ ಅಂತ ಆಚಿಗಿ ಹೇಳಿ ಕಳಿಸೀನಿ.”

ಅವಳು ಅಂದು ಮಧ್ಯಾಹ್ನ ಡಾಂಬರಿನ ಕೈಯಲ್ಲೇ ಬಾವಿಯ ಕಟ್ಟೆಗೆ ಬಂದಳು.

“ಓಡಿಹೋಗು,” ಅಂದಳು.

ಕೂತವನು ನಕ್ಕ. “ಬಿಡುಗಡಿ ಆಗೂವಾಗ ಯಾರರ ಓಡ್ತಾರೇನು? ನಾ ಓಡಿದರ ಆಚಿಗಿ ನಿನ್ನ ಗಂಡನ್ನ ಬಿಟ್ಟಾರೇನು?”

“ಅವ ಇಲ್ಲ.”

“ಅಂದ್ರ?”

“ಮಣಿ ಬಂತು. ಎರಡು ವರ್ಷ ಆತು. ಸುಟ್ಟೆ.”

ಅವನು ಬಾವಿಯೊಳಗೆ ನೋಡಿದ. “ನಾ ತಿಂದದ್ದು ಯಾರಿಗೆ ಸಂದಿತು?”

“ನಿನಗ.”

“ಅಳಲಿಲ್ಲ ನೀನು.”

“ಅತ್ತಿದ್ದರ ನೀ ಇರತಿದ್ದೇನು?”

ಅವನು ಏನನ್ನೋ ಲೆಕ್ಕ ಹಾಕಿದಂತೆ ಕಂಡಿತು. “ಮಣಿ ನನ್ನ ಮನಿಯಿಂದ ಬಂದಿರಬೇಕು. ನನ್ನ ಹೆಂಡತಿ ಬಿಟ್ಟಿರಬೇಕು. ಬಿಟ್ಟರ ಇಲ್ಲಿ ನನಗ ಏನಾಕ್ಕೈತಿ ಅಂತ ಆಕಿಗೆ ಗೊತ್ತಿತ್ತು.” ತಾನೇ ಸಮಾಧಾನ ಹೇಳಿಕೊಂಡ. “ಆಕಿ ಕಟ್ಟಳಿ ಮೀರುವಾಕಿ ಅಲ್ಲ. ಸಾರಿಗೆ ಉಪ್ಪು ಸೈತ ಅಳೆದು ಹಾಕ್ತಾಳ.”

“ಓಡು,” ಅಂದಳು ಮತ್ತೆ.

“ಎಲ್ಲಿಗೆ? ಇರೋದ ಎರಡು ದಡ.”

ಹುಣ್ಣಿಮೆಯ ಬೆಳಗ್ಗೆ ಊರೆಲ್ಲ ಹೊಳೆಗೆ ಇಳಿಯಿತು. ಅವಳು ಮೊಣಕಾಲು ನೀರಿನಲ್ಲಿ ನಿಂತಳು, ಕೂತವನು ಮಣೆ ಹೊತ್ತು ಅವಳ ಹಿಂದೆ ನಿಂತ. ಗಂಡ ಬರುವುದಿಲ್ಲ, ಹಿರಿಯ ಕೇಳುತ್ತಾನೆ, ತನ್ನ ಸುಳ್ಳು ಬಯಲಾಗುತ್ತದೆ, ಇವನನ್ನು ಇಲ್ಲೇ ಮುಳುಗಿಸುತ್ತಾರೆ. ಇಷ್ಟನ್ನೂ ಒಂದರ ಹಿಂದೊಂದು ಎಣಿಸಿಕೊಂಡು ನಿಂತಿದ್ದಳು. ಆಚೆಯಿಂದ ಹರಿಗೋಲುಗಳು ತಿರುಗುತ್ತ ತಿರುಗುತ್ತ ಬಂದವು. ಮೂರನೆಯದರಿಂದ ಅವಳ ಗಂಡ ಇಳಿದ.

ಮೈ ತುಂಬಿತ್ತು, ಕೆನ್ನೆ ಹೊಳೆಯುತ್ತಿತ್ತು. ಅವಳು ನೀರನ್ನು ಸೀಳಿಕೊಂಡು ಓಡಿದಳು. ಕೊಂದಿಲ್ಲ, ನಾನು ಕೊಂದಿಲ್ಲ, ಇಷ್ಟೇ ಅವಳ ತಲೆಯಲ್ಲಿ. ಎರಡು ವರ್ಷ ಗಂಟಲಲ್ಲಿ ನಿಂತಿದ್ದ ಅಳು ಕಟ್ಟೆಯೊಡೆಯಲು ಇನ್ನೊಂದು ಉಸಿರು ಬಾಕಿ ಇತ್ತು. ಆಗ ಗಂಡ ಅವಳ ಹೆಗಲ ಮೇಲಿಂದ ಹಿಂದೆ ನಿಂತವನನ್ನು ನೋಡಿದ. ನೋಡಿದ ಕೂಡಲೇ ಅವನ ಮುಖ ಬಿದ್ದಿತು.

“ಮಣಿ ಬರಲಿಲ್ಲೇನು?” ಎಂದು ಮೆಲ್ಲಗೆ ಕೇಳಿದ.

“ಬಂತು.”

“ಮತ್ತ ಇವ ಹೆಂಗ ಅದಾನ?”

ಅವಳಿಗೆ ಅರ್ಥವಾಯಿತು. ಅರ್ಥವಾಗಲು ಅಷ್ಟು ಹೊತ್ತೂ ಬೇಕಾಗಲಿಲ್ಲ. “ಯಾರು ಬಿಟ್ಟರು ಅದನ್ನ?”

“ಇಬ್ಬರೂ ಕೂಡಿ ಬಿಟ್ಟಿವಿ. ಆಕಿ ಒಂದು ಕಡೆ ಹಿಡಿದಳು, ನಾ ಒಂದು ಕಡೆ.” ಅವನ ಧ್ವನಿಯಲ್ಲಿ ನಾಚಿಕೆ ಇತ್ತು, ಸಿಟ್ಟೂ ಇತ್ತು. “ನಾ ಸತ್ತೆ ಅಂತ ತಿಳಕೊಂಡರ ನನ್ನ ಯಾರೂ ಕೇಳೂದಿಲ್ಲ, ಇವನ್ನ ಮುಳುಗಿಸಿದರ ಆಕಿನ್ನ ಯಾರೂ ಕೇಳೂದಿಲ್ಲ. ಕೂತವ ಕ್ಷೇಮ ಅದಾನ ಅಂತ ಇಲ್ಲಿಂದ ಕರಿ ಬಂತು. ಎಳಕೊಂಡು ಬಂದು ಹತ್ತಿಸಿದರು.” ಮತ್ತೆ ಅಂದ: “ನೀ ನನಗ ಒಂದು ಹನಿ ಕಣ್ಣೀರು ಹಾಕಲಿಲ್ಲ.”

“ಇಲ್ಲ,” ಅಂದಳು. ಆಗಲೂ ಹಾಕಲಿಲ್ಲ. ಬಂದಿದ್ದ ಅಳು ಬಂದ ದಾರಿಯಲ್ಲೇ ಇಳಿದುಹೋಯಿತು.

ಕೂತವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುಂದೆ ಬಂದು ಹೆಣೆಯುವವನ ಎದುರು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು. ಹೊಡೆಯುತ್ತಾನೆಂದು ಅವಳು ಕಾದಳು.

“ನನ್ನ ಮನಿ ಮುಂಬಾಗಲ ಮಳಿಗಾಲದಾಗ ಒತ್ತತಿತ್ತು,” ಅಂದ ಕೂತವನು. “ಈಗೂ ಒತ್ತತೈತೇನು?”

“ಇಲ್ಲ. ಕೆತ್ತಿ ಸರಿ ಮಾಡೀನಿ.”

“ಚಲೋ ಆತು.”

ಅವಳ ಕಡೆ ತಿರುಗಿ, “ಬರ್ತೀನವ್ವ,” ಅಂದ. ಐದು ವರ್ಷದಲ್ಲಿ ಅವಳನ್ನು ಅವ್ವ ಅಂದದ್ದು ಅದೇ ಮೊದಲು. ಹರಿಗೋಲು ಹತ್ತಿದ. ಆಚೆ ದಡದಲ್ಲಿ ಒಂದು ಹೆಂಗಸು ನಿಂತಿದ್ದು ಚುಕ್ಕೆಯಷ್ಟು ಕಾಣುತ್ತಿತ್ತು. ಆ ಚುಕ್ಕೆ ನೀರಿಗೆ ಇಳಿಯಲಿಲ್ಲ. ಹರಿಗೋಲು ದಡ ಮುಟ್ಟಿದಾಗ ಅದು ತಿರುಗಿ ಮುಂದೆ ನಡೆಯಿತು, ಇನ್ನೊಂದು ಚುಕ್ಕೆ ದೂರದಲ್ಲಿ ಅದರ ಹಿಂದೆ ನಡೆಯಿತು.

ಈಚೆಯ ಗಂಡಹೆಂಡತಿ ಮನೆಗೆ ಬಂದರು. ಅವಳು ಬಡಿಸಿದಳು, ಅವನು ಬರಿಯ ನೆಲದ ಮೇಲೆ ಕೂತು ಉಂಡ.

“ನನ್ನ ಪಾಲು ಎಷ್ಟು ದಿನ ಅವಗ ಹೋತು?” ಎಂದು ಕೇಳಿದ.

“ಮೊದಲ ಅರ್ಧ. ಆಮ್ಯಾಲ ಪೂರ್ತಿ.”

“ನನಗ ಹಸಿವೇ ಆಗಲಿಲ್ಲ.”

“ಅದು ನನಗ ಗೊತ್ತಿರಲಿಲ್ಲ,” ಅಂದಳು.

ಆ ವಿಷಯಕ್ಕೆ ಅವರು ಆಡಿದ ಕೊನೆಯ ಮಾತು ಅದು. ಮಣೆಯ ಸಂಗತಿ ಊರಿಗೆ ಗೊತ್ತಾಗಲಿಲ್ಲ. ಊರಿಗೆ ಗೊತ್ತಿದ್ದದ್ದು ಇಷ್ಟು: ಐದು ವರ್ಷ ಶತ್ರುವನ್ನು ಮನೆಯಲ್ಲಿಟ್ಟುಕೊಂಡೂ ಕುಂಕುಮ ಮಾಸದಂತೆ ಇದ್ದಳು, ಅವಳು ಬಡಿಸಿದ್ದು ಗಂಡನಿಗೆ ಹೇಗೆ ಸಂದಿತೆಂದರೆ ಅವನು ಹೋದದ್ದಕ್ಕಿಂತ ದಪ್ಪಗೆ ಬಂದ. ಕಟ್ಟೆಯ ಹಿರಿಯ ಮೂರು ಸಲ ಕೆಮ್ಮಿ ಹೊಗಳಿದ. ಎದುರುಮನೆ ಮುದುಕಿ ಮಾತ್ರ ಏನೂ ಅನ್ನಲಿಲ್ಲ. ಸಾಯುವವರೆಗೂ ಅನ್ನಲಿಲ್ಲ, ಅದು ಅವಳು ಮಾಡಿದ ದೊಡ್ಡ ಉಪಕಾರ.

ಮೂವತ್ತು ವರ್ಷ ಬಾಳಿದರು. ಅವನು ಹೆಣೆದ, ಅವಳು ಬಳಿದಳು. ಒಂದು ದಿನವೂ ಜಗಳವಾಡಲಿಲ್ಲ. ಹೊಳೆಯ ಕಡೆ ಒಂದು ಕಿಟಕಿ ಇತ್ತು. ಅದನ್ನು ಮುಚ್ಚಿದ್ದು ಯಾರೆಂದು ಅವನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಊರಿನಲ್ಲಿ ಮದುವೆಯಾದರೆ ಹೊಸ ಜೋಡಿಯನ್ನು ಮೊದಲು ಅವರ ಮನೆಗೆ ಕರೆತರುವುದು ರೂಢಿಯಾಯಿತು. ಗಂಡಹೆಂಡತಿ ಅಂದರೆ ಹೀಗಿರಬೇಕು ನೋಡಿ, ಅನ್ನುತ್ತಿದ್ದರು. ಇಬ್ಬರೂ ಪಕ್ಕಪಕ್ಕ ನಿಲ್ಲುವರು, ಹೊಸಬರು ಕಾಲಿಗೆ ಬೀಳುವರು. ಅವಳು ಮದುಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿ, ಬಗ್ಗಿ, ಕಿವಿಯಲ್ಲಿ ಏನೋ ಹೇಳುವಳು. ಏನು ಹರಸಿದಳೆಂದು ಹೊರಗೆ ಬಂದ ಹುಡುಗಿಯರನ್ನು ಕೇಳಿದರೆ ಎಲ್ಲರೂ ಒಂದೇ ರೀತಿ ಗೊಂದಲದಲ್ಲಿ ನಗುತ್ತಿದ್ದರು. ಒಬ್ಬಳು ಮಾತ್ರ ಬಾಯಿಬಿಟ್ಟು ಹೇಳಿದಳಂತೆ. ಅಜ್ಜಿ ಅಂದದ್ದು ಹೀಗೆ:

“ನಿನ್ನ ಗಂಡ ಸತ್ತ ಅಂತ ಸುದ್ದಿ ಬಂದರ ಆಗ ಅತ್ತುಬಿಡು, ತಂಗಿ. ಆಮ್ಯಾಲ ಅವ ಬಂದುಬಿಡ್ತಾನ.”

ಹುಡುಗಿಗೆ ಅರ್ಥವಾಗಲಿಲ್ಲ. ತಲೆಯ ಮೇಲಿನ ಅಕ್ಕಿಕಾಳು ಉದುರದಂತೆ ಕೈಯಲ್ಲಿ ಒತ್ತಿ ಹಿಡಿದು, ಪಕ್ಕದಲ್ಲಿದ್ದ ಮುದುಕನ ಕಾಲಿಗೆ ಬಾಗಿದಳು.